ಸಮ ಅಳತೆಯಲ್ಲಿ ಬೆರೆಸಿದರೂ ಕಲಿಲಗಳು ಏಕೆ ಹೆಪ್ಪುಗಟ್ಟಲಿಲ್ಲ?

ಪ್ರಶ್ನೆ: ಧನಾವೇಶದ ಫೆರಿಕ್ ಹೈಡ್ರಾಕ್ಸೈಡ್ ಕಲಿಲವನ್ನು (ಅತಿ ಸಣ್ಣ ಕಣಗಳು ದ್ರವದಲ್ಲಿ ತಳ ಸೇರದೆ ಹರಡಿಕೊಂಡಿರುವ ಮಿಶ್ರಣ) ಋಣಾವೇಶದ ಆರ್ಸೆನಿಕ್ ಸಲ್ಫೈಡ್ ಕಲಿಲದೊಂದಿಗೆ ಬೆರೆಸಿದರೆ ಎರಡೂ ಹೆಪ್ಪುಗಟ್ಟಿ ತಳ ಸೇರುತ್ತವೆ ಎಂದು ಓದಿದ್ದೇವೆ. ಆದರೆ ಪ್ರಯೋಗಾಲಯದಲ್ಲಿ ಎರಡನ್ನೂ ಸಮ ಗಾತ್ರದಲ್ಲಿ ಬೆರೆಸಿದಾಗ ದ್ರವ ಮಬ್ಬಾಯಿತೇ ಹೊರತು ಏನೂ ತಳಕ್ಕಿಳಿಯಲಿಲ್ಲ. ಹೀಗೇಕಾಯಿತು? ಉಪ್ಪು ಸೇರಿಸಿದ್ದರೆ ಅನುಕೂಲವಾಗುತ್ತಿತ್ತೇ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಸಮವಾಗಿ ಅಳೆದದ್ದು ದ್ರವದ ಗಾತ್ರವನ್ನು, ಅಲ್ಲಿ ಸರಿದೂಗಬೇಕಾಗಿದ್ದದ್ದು ಕಣಗಳು ಹೊತ್ತಿರುವ ಒಟ್ಟು ಆವೇಶ. ಕಲಿಲದ ಒಂದೊಂದು ಕಣದ ಮೇಲ್ಮೈಯಲ್ಲೂ ಅನೇಕ ಅಯಾನುಗಳು ಅಂಟಿಕೊಂಡಿರುತ್ತವೆ. ಅವು ಎಷ್ಟೆಂಬುದು ಕಣದ ಗಾತ್ರ, ದ್ರಾವಣದ ಆಮ್ಲೀಯತೆ ಮತ್ತು ಕಲಿಲವನ್ನು ತಯಾರಿಸಿದ ಬಗೆಯನ್ನು ಅವಲಂಬಿಸಿರುವುದರಿಂದ, ಒಂದೇ ಗಾತ್ರದ ಎರಡು ಕಲಿಲಗಳಲ್ಲಿ ಆವೇಶವೂ ಒಂದೇ ಪ್ರಮಾಣದಲ್ಲಿರುವುದು ತೀರ ಅಪರೂಪ.

ಕಬ್ಬಿಣದ ಕಣಗಳು ಬಹಳ ಹೆಚ್ಚಾಗಿದ್ದವೆಂದು ಭಾವಿಸೋಣ. ಆಗ ಪ್ರತಿಯೊಂದು ಸಲ್ಫೈಡ್ ಕಣವನ್ನೂ ಅವು ಸುತ್ತುವರಿದು ಅಂಟಿಕೊಳ್ಳುತ್ತವೆ. ಆಕರ್ಷಣೆ ತನ್ನ ಕೆಲಸವನ್ನು ಮಾಡಿಯೇ ಇರುತ್ತದೆ. ಆದರೆ ಹೀಗೆ ಹುಟ್ಟಿದ ಪುಟ್ಟ ಗುಂಪುಗಳ ಹೊರಮೈಯೆಲ್ಲ ಧನಾವೇಶದ್ದಾಗಿರುವುದರಿಂದ ಅವು ಒಂದನ್ನೊಂದು ವಿಕರ್ಷಿಸುತ್ತಾ ದ್ರವದಲ್ಲೇ ತೇಲುತ್ತವೆ. ಸಲ್ಫೈಡ್ ಹೆಚ್ಚಾದರೆ ಇದೇ ಸ್ಥಿತಿ ತಿರುವುಮುರುವಾಗುತ್ತದೆ. ಎರಡರ ನಡುವೆ, ಆವೇಶಗಳು ಸರಿಸುಮಾರು ಪರಸ್ಪರ ರದ್ದಾಗುವ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಗುಂಪಿಗೆ ಗುಂಪು ಸೇರಿ ಬೆಳೆದು ಪೂರ್ತಿಯಾಗಿ ತಳ ಸೇರುತ್ತವೆ. ಜರ್ಮನಿಯ ವಿಲ್ಹೆಲ್ಮ್ ಬಿಲ್ಟ್ಸ್ 1904ರಲ್ಲಿ ಅನೇಕ ಕಲಿಲಗಳನ್ನು ಬೆರೆಸಿ ಈ ಅನುಪಾತದ ಮಹತ್ವವನ್ನು ತೋರಿಸಿದರು. ನೀವು ಕಂಡ ಮಬ್ಬು ಈ ಪಟ್ಟಿಯ ಅಂಚಿನ ಲಕ್ಷಣವಾಗಿರುವ ಸಂಭವ ಹೆಚ್ಚು.

ಕೆಸರು ನೀರನ್ನು ತಿಳಿಗೊಳಿಸುವ ನುಗ್ಗೆಬೀಜದ ಪುಡಿಯಲ್ಲೂ ಇದೇ ನಡೆಯುತ್ತದೆ. ಬೀಜದ ಪ್ರೋಟೀನು ಧನಾವೇಶದ್ದು, ಜೇಡಿಯ ಕಣಗಳು ಋಣಾವೇಶದವು; ಪುಡಿ ಮಿತಿಮೀರಿದರೆ ನೀರು ತಿಳಿಯಾಗುವ ಬದಲು ಮತ್ತೆ ಕದಡಿದಂತೆಯೇ ಉಳಿಯಬಹುದು. ನೀರು ಶುದ್ಧೀಕರಣ ಘಟಕಗಳಲ್ಲಿ ಬಳಸುವ ಆಲಂನ ವಿಷಯದಲ್ಲಿ ಇನ್ನೊಂದು ಕ್ರಿಯೆಯೂ ಸೇರಿಕೊಳ್ಳುತ್ತದೆ: ಪ್ರಮಾಣ ಹೆಚ್ಚಾದಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹಿಂಜಿದ ಅರಳೆಯಂತೆ ಹರಡಿ, ಮಣ್ಣಿನ ಕಣಗಳನ್ನು ತನ್ನೊಳಗೆ ಸಿಲುಕಿಸಿಕೊಂಡು ಇಳಿಯುತ್ತದೆ. ನೀರಿನ ಕೆಸರು ಬದಲಾದಂತೆ ಅಲ್ಲಿ ಜಾರ್ ಟೆಸ್ಟ್ (ಹಲವು ಜಾರುಗಳ ನೀರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಆಲಂ ಹಾಕಿ ಹೋಲಿಸುವ ಪರೀಕ್ಷೆ) ಮಾಡಿ ಪ್ರಮಾಣವನ್ನು ನಿಗದಿಪಡಿಸುವುದು ಇದಕ್ಕಾಗಿಯೇ.

ಉಪ್ಪಿನ ಬಗೆಗಿನ ನಿಮ್ಮ ಪ್ರಶ್ನೆ ಇನ್ನೂ ಸೊಗಸಾದದ್ದು. ಒಂದೇ ಬಗೆಯ ಆವೇಶದ ಕಣಗಳಿಗೆ ಉಪ್ಪು ಹಾಕಿದರೆ ಅವುಗಳ ನಡುವಿನ ವಿಕರ್ಷಣೆ ಕುಗ್ಗಿ, ಅವು ಬೇಗ ಕೂಡುತ್ತವೆ. ವಿರುದ್ಧ ಆವೇಶದ ಕಣಗಳಲ್ಲಿ ಉಪ್ಪು ಕುಗ್ಗಿಸುವುದು ಆಕರ್ಷಣೆಯನ್ನೇ. ಲೀಟರಿಗೆ 0.001 ಮೋಲ್ ಅಡುಗೆ ಉಪ್ಪಿರುವ ನೀರಿನಲ್ಲಿ ಆವೇಶದ ಪ್ರಭಾವ ಸುಮಾರು 10 ನ್ಯಾನೋಮೀಟರ್ ದೂರದವರೆಗೆ ಚಾಚಿದ್ದರೆ, 0.1 ಮೋಲ್ ಇದ್ದಾಗ ಅದು ಸುಮಾರು 1 ನ್ಯಾನೋಮೀಟರಿಗೆ ಇಳಿಯುತ್ತದೆ. ಆಕರ್ಷಣೆ ಕುಗ್ಗುವುದರಿಂದಲೂ ಒಂದು ಲಾಭವುಂಟು. ಅದು ಪ್ರಬಲವಾಗಿದ್ದಾಗ ಕಣಗಳು ತಾಗಿದ ಜಾಗದಲ್ಲೇ ಅಂಟಿ ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಹದವಾಗಿದ್ದರೆ ಸರಿದು ಹೊಂದಿಕೊಳ್ಳಲು ಅವಕಾಶವಿರುತ್ತದೆ. ಇಂಥ ಹದವನ್ನು ಸಾಧಿಸಿ, ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ವಿರುದ್ಧ ಆವೇಶದ ಪ್ಲಾಸ್ಟಿಕ್ ಕಣಗಳು ಉಪ್ಪಿನ ಹರಳಿನಂತೆ ಕ್ರಮವಾಗಿ ಜೋಡಣೆಗೊಳ್ಳುವುದನ್ನು 2005ರಲ್ಲಿ ವರದಿ ಮಾಡಿದರು.

ಪ್ರಯೋಗವನ್ನು ಮತ್ತೆ ಮಾಡುವಾಗ ಒಂದೇ ಅನುಪಾತಕ್ಕೆ ನಿಲ್ಲದೆ, ಒಟ್ಟು ಗಾತ್ರವನ್ನು ಬದಲಿಸದೆ 1:9ರಿಂದ 9:1ರವರೆಗೆ ಸಾಲಾಗಿ ಪ್ರನಾಳಗಳನ್ನು ಸಿದ್ಧಪಡಿಸಿರಿ. ಆರ್ಸೆನಿಕ್ ವಿಷವಾದ್ದರಿಂದ ಅಧ್ಯಾಪಕರ ಮೇಲ್ವಿಚಾರಣೆಯಲ್ಲೇ ಮಾಡಿ, ಉಳಿದದ್ದನ್ನು ಸಿಂಕಿಗೆ ಸುರಿಯದೆ ಪ್ರತ್ಯೇಕವಾಗಿ ಸಂಗ್ರಹಿಸಿರಿ. ಕಬ್ಬಿಣದ ಕಲಿಲವನ್ನು ಮೊದಲು ಡಯಾಲಿಸಿಸ್ ಮಾಡುವುದನ್ನಂತೂ, ಅಂದರೆ ಅದರಲ್ಲಿ ಕರಗಿರುವ ಅಯಾನುಗಳನ್ನು ಪೊರೆಯ ಮೂಲಕ ಹೊರತೆಗೆಯುವುದನ್ನಂತೂ, ಮರೆಯಬೇಡಿ. ಅದರಲ್ಲಿ ಫೆರಿಕ್ ಕ್ಲೋರೈಡ್ ಉಳಿದಿದ್ದರೆ, ಅದರ ಮೂರು ಆವೇಶದ ಅಯಾನುಗಳು ಒಂದು ಆವೇಶದ ಸೋಡಿಯಂ ಅಯಾನಿಗಿಂತ ನೂರಾರು ಪಟ್ಟು ಪ್ರಬಲವಾಗಿ ಸಲ್ಫೈಡನ್ನು ಹೆಪ್ಪುಗಟ್ಟಿಸುತ್ತವೆ; ಆಗ ತಳ ಸೇರಿದ್ದು ಕಣಗಳ ಪರಸ್ಪರ ಆಕರ್ಷಣೆಯಿಂದಲೋ ಆ ಅಯಾನುಗಳಿಂದಲೋ ಎಂದು ಹೇಳಲು ಬರುವುದಿಲ್ಲ.