‘ಡಿಪಾಪ್ಯುಲೇಟೆಡ್’ ಅಂತ ಬರೆದ ಜೇನುಪೆಟ್ಟಿಗೆಯಲ್ಲಿ ಏನು ನೋಡಬೇಕು

ಜೇನುಪೆಟ್ಟಿಗೆಯ ತಪಾಸಣೆ ಚೀಟಿಯಲ್ಲಿ ‘ಡಿಪಾಪ್ಯುಲೇಟೆಡ್ ಕಾಲನಿ’ ಅಂತ ಬರೆದಿದೆ, ಜೇನುನೊಣ ಸತ್ತಿವೆಯೋ ಓಡಿಹೋಗಿವೆಯೋ ಅಂತ ತೀರ್ಥಹಳ್ಳಿ ಕಡೆಯ ಸದಸ್ಯರು ಕೇಳಿದ್ದಾರೆ. ಆ ಪದ ಎರಡನ್ನೂ ಹೇಳೋದಿಲ್ಲ. ಇದ್ದ ಸಂಖ್ಯೆ ತೀರಾ ಇಳಿದಿದೆ, ಅಷ್ಟೆ. ಶರಾವತಿ ಮುಳುಗಡೆಯಲ್ಲಿ ಊರು ಖಾಲಿಯಾದದ್ದಕ್ಕೂ ಇದೇ ಪದ ಸಲ್ಲುತ್ತದೆ. ಅಲ್ಲಿ ಜನ ಎದ್ದುಹೋದದ್ದು. ಹಕ್ಕಿಜ್ವರದ ವೇಳೆ ಪಶುವೈದ್ಯರು ‘ಡಿಪಾಪ್ಯುಲೇಷನ್’ ಅಂದರೆ ಮಾತ್ರ ಕೋಳಿಗಳನ್ನು ಬೇಕೆಂದೇ ಕೊಲ್ಲುವುದು.

ಮೂಲ ಲ್ಯಾಟಿನ್ನಿನ ‘ಡೆಪಾಪ್ಯುಲಾರಿ’: ನಾಡನ್ನು ಸೂರೆ ಮಾಡಿ ಹಾಳುಗೆಡವುವುದು. ಒಳಗಿರುವ ‘ಪಾಪ್ಯುಲಸ್’ ಅಂದರೆ ಜನ. ‘ಡೆ’ ಅಲ್ಲಿ ‘ಪೂರ್ತಿಯಾಗಿ’ ಅನ್ನೋ ಒತ್ತು ಕೊಡುತ್ತಿತ್ತು ಅನ್ನುತ್ತಾರೆ. ಮುಂದೆ ಅದನ್ನು ‘ತೆಗೆದುಹಾಕು’ ಅಂತ ಓದಿಕೊಂಡು ಜನ ಬರಿದಾಗುವ ಅರ್ಥ ಬಂತು.

ಕಾರಣ ಎರಿಯಲ್ಲಿ, ಅಂದರೆ ನೊಣ ಕಟ್ಟಿದ ಮೇಣದ ತಟ್ಟೆಯಲ್ಲಿ, ಸಿಗುತ್ತದೆ, ಚೀಟಿ ಬಿಟ್ಟು ಪೆಟ್ಟಿಗೆ ತೆಗೆಯಿರಿ.

ಎರಿಯ ಕೆಳ ಅಂಚಿನಲ್ಲಿ ರಾಣಿಕೋಶ (ಹೊಸ ರಾಣಿ ಬೆಳೆಯುವ ಗೂಡು) ಜೋತಿದ್ದು, ಮರಿ, ತುಪ್ಪ ಎರಡೂ ಉಳಿದಿದ್ದರೆ ಕುಟುಂಬ ಪಾಲಾಗಿದೆ, ಅಂದರೆ ಒಂದು ಪಾಲು ನೊಣ ಬೇರೆ ಗೂಡಿಗೆ ಹೊರಟಿವೆ. ಒಳ್ಳೆಯ ಒಂದು ಕೋಶ ಉಳಿಸಿ, ಬಾಕಿ ಕೀಳಿ. ಇಲ್ಲದಿದ್ದರೆ ಮತ್ತೆ ಪಾಲಾಗಿ ಉಳಿದ ನೊಣವೂ ಸಾಲದೆ ಹೋಗುತ್ತದೆ.

ಮರಿಯೂ ಇಲ್ಲ, ತುಪ್ಪವೂ ಇಲ್ಲ, ಹೆಣವೂ ಇಲ್ಲ ಅಂದರೆ ಇಡೀ ಕುಟುಂಬ ಗೂಡು ಬಿಟ್ಟು ಪರಾರಿ. ನಮ್ಮ ಮಳೆಗಾಲದಲ್ಲಿ ಹೆಚ್ಚಾಗಿ ಹಸಿವೆ, ಇರುವೆ, ಮೇಣದ ಹುಳವೇ ಕಾರಣ. ನೊಣ ಮುಚ್ಚದ ಎರಿಗೇ ಮೇಣದ ಹುಳ ಬೀಳೋದು, ಹಾಗಾಗಿ ಹೆಚ್ಚಿನ ಎರಿ ತೆಗೆದಿಡಿ. ಸಕ್ಕರೆ, ನೀರು ಸಮಸಮ ಕಲಸಿದ ಪಾಕವನ್ನು ಸಂಜೆಯೇ, ಪೆಟ್ಟಿಗೆಯ ಒಳಗೇ ಕೊಡಿ. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ನೊಣ ಕಳ್ಳತನಕ್ಕೆ ನುಗ್ಗುತ್ತವೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇರಲಿ.

ಭಯಪಡಬೇಕಾದ್ದು ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಮರಿಹುಳದ ರೋಗಕ್ಕೆ. ಮರಿಯ ಕೋಶದ ಮುಚ್ಚಳ ತೂತಾಗಿ, ಮರಿಹುಳ ಬೆನ್ನಿನ ಮೇಲೆ ಮಲಗಿ ತಲೆ ಮೇಲಕ್ಕೆತ್ತಿರುತ್ತದೆ. ಚಿಮುಟದಲ್ಲಿ ಎಳೆದರೆ ನೀರು ತುಂಬಿದ ಚೀಲವಾಗಿ ಇಡಿಯಾಗಿ ಬರುತ್ತದೆ, ಕೊಳೆತ ವಾಸನೆ ಇರೋದಿಲ್ಲ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಕುಟುಂಬಗಳಲ್ಲಿ ಬಹುಪಾಲನ್ನು ನುಂಗಿದ ವೈರಸ್ ಇದು. ಆಂಟಿಬಯೋಟಿಕ್ ಸುರಿದರೆ ದುಡ್ಡು ದಂಡ. ಆ ಪೆಟ್ಟಿಗೆಯ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಲೇಬೇಡಿ, ಚಾಕು, ಕೈ ಸೋಪಿನಲ್ಲಿ ತೊಳೆಯಿರಿ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ರೋಗಕ್ಕೆ ಹೊಸ ಮರಿ ಸಿಗದು. ಚೇತರಿಸಿಕೊಂಡ ಕುಟುಂಬದಿಂದಲೇ ಮುಂದಿನ ರಾಣಿಯನ್ನು ಬೆಳೆಸಿ.