ಮುಚ್ಚಲು ಬಾರದ ಕಿಟಕಿ ಬಾಗಿಲು ಯಾಕೆ?

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮನೆ. ಕಿಟಕಿಗಳ ಹೊರಗೆ ಓರೆಪಟ್ಟಿಗಳ ಮರದ ಬಾಗಿಲುಗಳಿವೆ. ಕೆಲವು ಜೋತು ಬಿದ್ದಿವೆ, ಒಂದೆರಡರ ಕೆಳಗಿನ ಅಂಚು ಕೊಳೆತಿದೆ. ಇವನ್ನು ಕಿತ್ತು, ಕಿಟಕಿಯ ಎರಡೂ ಪಕ್ಕ ಗೋಡೆಗೆ ಪ್ಲಾಸ್ಟಿಕ್ಕಿನ ರೆಡಿಮೇಡ್ ಬಾಗಿಲು ಸ್ಕ್ರೂ ಮಾಡಿದರೆ ನೋಡೋಕೆ ಹಾಗೇ ಇರುತ್ತದೆ ಎನ್ನುತ್ತಾರೆ ಕಂಟ್ರಾಕ್ಟರ್. ಏನು ಮಾಡಲಿ?

ಉತ್ತರ: ದಯವಿಟ್ಟು ಕೀಳಿಸಬೇಡಿ. ಆ ಬಾಗಿಲು ಇರೋದೇ ಮುಚ್ಚೋಕೆ ಅಲ್ವಾ? ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಹೊರಗಿನ ಬಾಗಿಲು ಅದನ್ನು ಗಾಜಿನ ಆಚೆಗೇ ನಿಲ್ಲಿಸುತ್ತದೆ. ಗಾಜು ತೆರೆದಿಟ್ಟರೆ ಪಟ್ಟಿಗಳ ಸಂದಿನಿಂದ ಗಾಳಿಯೂ ಬರುತ್ತದೆ. ಗೋಡೆಗೆ ಸ್ಕ್ರೂ ಹೊಡೆದ ಪ್ಲಾಸ್ಟಿಕ್ ಇದರಲ್ಲಿ ಒಂದನ್ನೂ ಮಾಡದು.

ಜೋತು ಬಿದ್ದಿದೆ ಎಂದರೆ ಮರ ಹೋಯಿತು ಎಂದಲ್ಲ. ಎಷ್ಟೋ ಸಲ ಬಿಜಾಗರಿಯ ಸ್ಕ್ರೂ ತೂತು ಸಡಿಲವಾಗಿರುತ್ತದೆ, ಅಷ್ಟೇ. ತೂತಿಗೆ ಅಂಟು ಹಚ್ಚಿದ ಮರದ ಗೂಟ ಬಡಿದು, ಒಣಗಿದ ಮೇಲೆ ಹೊಸ ಸ್ಕ್ರೂ ಹಾಕಿಸಿ. ಕೊಳೆತ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಕೆಳಗಿನ ಅಡ್ಡಪಟ್ಟಿ ಮಾತ್ರ ಮೆತ್ತಗಿದ್ದರೆ ಅದೊಂದನ್ನೇ ಬದಲಿಸಬಹುದು. ಒಳ್ಳೆಯ ಬಡಗಿ ಬೇಕು, ನಿಜ. ಬಿಚ್ಚುವ ಮುಂಚೆ ಪ್ರತಿ ಬಾಗಿಲಿಗೂ ನಂಬರ್ ಬರೆಯಿರಿ. ಹಳೇ ಮನೆಯಲ್ಲಿ ಎರಡು ಕಿಟಕಿ ಒಂದೇ ಅಳತೆಯಲ್ಲಿರೋದು ಅಪರೂಪ.

ಪೂರ್ತಿ ಹಾಳಾದವನ್ನು ಹೊಸದಾಗಿ ಮಾಡಿಸುವಾಗ ಒಂದೊಂದು ಬಾಗಿಲೂ ಕಿಟಕಿಯ ಅರ್ಧ ಅಗಲ ಇರಬೇಕು. ಕಿಟಕಿಯ ತಲೆ ಕಮಾನಾಗಿದ್ದರೆ ಬಾಗಿಲಿನ ತಲೆಯೂ ಅರ್ಧ ಕಮಾನು. ಇನ್ನು ಪಟ್ಟಿಗಳ ಓರೆ. ಬಾಗಿಲು ಮುಚ್ಚಿದಾಗ ಅವು ಹೊರಕ್ಕೆ ಇಳಿಜಾರಾಗಿರಬೇಕು, ಮಳೆನೀರು ಆಚೆ ಜಾರಲಿ ಎಂದು. ಅದೇ ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸಿದರೆ ಓರೆ ಗೋಡೆಯ ಕಡೆಗೆ ಇಳಿಯುತ್ತದೆ. ಇದನ್ನು ನೋಡಿ ‘ಉಲ್ಟಾ ಆಗಿದೆ’ ಎಂದು ತಿರುಗಿಸಿ ಹಾಕುವವರು ಇದ್ದಾರೆ! ಶೋಗೆ ಅಂಟಿಸಿದ ಬಾಗಿಲುಗಳ ಗುಟ್ಟು ರಟ್ಟಾಗುವುದೂ ಇಲ್ಲೇ. ತೆರೆದಿಟ್ಟಾಗ ಗಾಳಿಗೆ ಬಡಿಯದಂತೆ ಗೋಡೆಗೆ ಒಂದು ಕಬ್ಬಿಣದ ಕೊಂಡಿ ಇರಲಿ.

ಪ್ರಶ್ನೆ: ಪೇಂಟ್ ಮಾಡಿಸಿದ ಮೇಲೆ ನಮ್ಮ ಕಿಟಕಿ ಬಾಗಿಲಿನ ತಿರುಗುವ ಪಟ್ಟಿಗಳು ಅಲ್ಲಾಡುತ್ತಲೇ ಇಲ್ಲ. ಹೊಸದು ಮಾಡಿಸಬೇಕೇ?

ಉತ್ತರ: ಬೇಡ. ಪೇಂಟ್ ಜಾಸ್ತಿಯಾಗಿ ಪಟ್ಟಿಯ ತುದಿ ಚೌಕಟ್ಟಿಗೆ ಅಂಟಿಕೊಂಡಿದೆ. ತೆಳು ಚಾಕುವಿನಿಂದ ಆ ಸಂದಿಯನ್ನು ಗೀರಿ, ಒಂದೊಂದೇ ಪಟ್ಟಿ ಮೆಲ್ಲಗೆ ಅಲ್ಲಾಡಿಸಿ. ನಡುವಿನ ಕಡ್ಡಿ ಹಿಡಿದು ಜಗ್ಗಬೇಡಿ, ಅದರ ಪುಟ್ಟ ಕೊಂಡಿಗಳು ಕಿತ್ತುಬರುತ್ತವೆ. ಮುಂದಿನ ಸಲ ತೆಳುವಾಗಿ ಹಚ್ಚಿಸಿ, ಒಣಗುವಾಗ ಪಟ್ಟಿಗಳನ್ನು ಆಗಾಗ ತಿರುಗಿಸುತ್ತಿರಿ. ಪೇಂಟರ್ ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗ ಬಾಗಿಲಿನ ತಳ. ಮರ ನೀರು ಕುಡಿಯೋದೇ ಅಲ್ಲಿಂದ. ಬಾಗಿಲು ಬಿಚ್ಚಿಸಿ ಅಲ್ಲಿಗೂ ಎರಡು ಕೋಟ್ ಹೊಡೆಸಿ.