ಬೋಟಿನ ಔಟ್‌ಡ್ರೈವ್ (ಹಿಂಬದಿಯಲ್ಲಿ ಪ್ರೊಪೆಲರ್ ಇರುವ ಭಾಗ) ಕೆಳಗೆ ಇಳಿಯುತ್ತದೆ, ಮೇಲೆ ಏಳುವುದಿಲ್ಲ. ಏನು ನೋಡಬೇಕು?

ಮೊದಲು ಡ್ರೈವ್ ಏರಿಸಿ ಇಳಿಸುವ ಎಣ್ಣೆ ಪಂಪಿನ ಸದ್ದು ಕೇಳಿ. 'ಅಪ್' ಒತ್ತಿದಾಗ ಬರೀ 'ಟಿಕ್' ಅಂದು ಮೋಟರ್ ತಿರುಗದಿದ್ದರೆ ತೊಂದರೆ ಕರೆಂಟಿನದು. ಇಳಿಯುತ್ತದಲ್ಲ, ಬ್ಯಾಟರಿ ಸರಿಯಿದೆ ಅಂದುಕೊಳ್ಳಬೇಡಿ. ಇಳಿಯುವಾಗ ಡ್ರೈವ್‌ನ ಭಾರವೂ ನೆರವಾಗುತ್ತದೆ, ಎತ್ತಲು ಕರೆಂಟ್ ಜಾಸ್ತಿ ಬೇಕು. ಹಸಿರು ಕಿಲುಬು ಹಿಡಿದ ಟರ್ಮಿನಲ್‌ಗಳನ್ನು ಉಜ್ಜಿ ನೋಡಿ.

ಹೆಚ್ಚಿನ ಪಂಪ್‌ಗಳಲ್ಲಿ ಏರಿಸಲು ಒಂದು, ಇಳಿಸಲು ಒಂದು ಸೊಲೆನಾಯ್ಡ್ (ಸ್ವಿಚ್ ಒತ್ತಿದಾಗ ಮೋಟರಿಗೆ ಕರೆಂಟ್ ಹಾಯಿಸುವ ಭಾಗ) ಇರುತ್ತದೆ. ಅವುಗಳ ಸ್ವಿಚ್ ವೈರ್‌ಗಳನ್ನು ಅದಲುಬದಲು ಮಾಡಿ. ಈಗ 'ಡೌನ್' ಒತ್ತಿದರೆ ಡ್ರೈವ್ ಎದ್ದಿತೇ? ಹಾಗಾದರೆ ಪಂಪ್ ಚೆನ್ನಾಗಿದೆ, ತಪ್ಪು 'ಅಪ್' ಸ್ವಿಚ್ಚಿನದೋ ಅದರ ವೈರಿನದೋ. ಸುಮ್ನೆ ಹೊಸ ಪಂಪ್ ಕೊಳ್ಳುವವರು ಬಿಟ್ಟುಬಿಡುವ ಪರೀಕ್ಷೆ ಇದು.

ಮೋಟರ್ ತಿರುಗಿಯೂ ಡ್ರೈವ್ ಏಳದಿದ್ದರೆ ಎಣ್ಣೆ ನೋಡಿ. ಸಾಮಾನ್ಯವಾಗಿ ಡ್ರೈವ್ ಪೂರ್ತಿ ಕೆಳಗಿದ್ದಾಗ ಮಟ್ಟ ಅಳೆಯಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ತುಂಬಿದ ಮೇಲೆ ನಾಲ್ಕೈದು ಸಲ ಏರಿಸಿ ಇಳಿಸಿದರೆ ಗಾಳಿ ಹೊರಹೋಗುತ್ತದೆ. ಮಟ್ಟ ಮತ್ತೆ ನೋಡಿ.

ಏರಿಸಿಟ್ಟ ಡ್ರೈವ್ ರಾತ್ರಿ ಕಳೆಯುವಷ್ಟರಲ್ಲಿ ತಾನಾಗಿ ಜಾರಿದರೆ ಡ್ರೈವ್ ಎತ್ತುವ ಸಿಲಿಂಡರಿನ ಸೀಲ್ ಅಥವಾ ಪಂಪ್ ವಾಲ್ವ್ ಮೇಲೆ ಅನುಮಾನ. ಸಿಲಿಂಡರಿನ ರಾಡ್ ಮೇಲೆ ಬೆರಳಾಡಿಸಿ, ಎಣ್ಣೆ ಅಂಟುತ್ತದಾ ನೋಡಿ.

ಹೋಸ್ ಬಿಚ್ಚುವ ಮೊದಲು ಡ್ರೈವ್ ಪೂರ್ತಿ ಇಳಿಸಿ. ಎತ್ತಿದ ಡ್ರೈವ್ ಬಿದ್ದರೆ ಕೈ ಜಜ್ಜಿಹೋದೀತು.